ಘಾಟಿ ರಸ್ತೆಗೆ ಪೋಲೊ ಜಿಟಿ: 80,000 ರೂಪಾಯಿಯೊಳಗೆ ಸಸ್ಪೆನ್ಷನ್ನಿಗೆ ಏನು ಮಾಡಿಸುವುದು ಸರಿ?

ತುಂಗಾತೀರ, ಶಿವಮೊಗ್ಗ

ಎಲ್ಲ ಸದಸ್ಯರಿಗೂ ನಮಸ್ಕಾರ. ನನ್ನ 2015ರ ಫೋಕ್ಸ್‌ವ್ಯಾಗನ್ ಪೋಲೊ ಜಿಟಿ ಟಿಎಸ್‌ಐ ಕಾರಿನ ಸಸ್ಪೆನ್ಷನ್ ಬಗ್ಗೆ ನಿಮ್ಮ ಸಲಹೆ ಬೇಕಾಗಿದೆ. ಸೆಕೆಂಡ್ ಹ್ಯಾಂಡ್ ಕೊಂಡ ಈ ಕಾರು ಈಗ 78,000 ಕಿ.ಮೀ. ಓಡಿದೆ. 1.2 ಲೀಟರಿನ ಟರ್ಬೊ ಎಂಜಿನ್, 105 ಪಿಎಸ್ ಶಕ್ತಿ, ಏಳು ಗೇರಿನ ಡಿಎಸ್‌ಜಿ ಎಂಬ ಆಟೊಮ್ಯಾಟಿಕ್ ಗೇರ್‌ಬಾಕ್ಸ್, ಇವುಗಳ ವಿಷಯದಲ್ಲಿ ನನಗೆ ಯಾವ ಅತೃಪ್ತಿಯೂ ಇಲ್ಲ. ಎಂಜಿನ್ ಕೊಡುವ ಧೈರ್ಯವನ್ನು ಚಕ್ರಗಳು ಕೊಡುತ್ತಿಲ್ಲ ಎಂಬುದಷ್ಟೇ ನನ್ನ ಕೊರಗು.

ವಾರದ ದಿನಗಳಲ್ಲಿ ಕಾರು ಊರೊಳಗೇ ಓಡುತ್ತದೆ. ಬಿಡುವು ಸಿಕ್ಕಾಗ ಮಂಡಗದ್ದೆ, ತೀರ್ಥಹಳ್ಳಿ ದಾಟಿ ಆಗುಂಬೆಯ 14 ತಿರುವುಗಳನ್ನು ಇಳಿದು ಸೋಮೇಶ್ವರಕ್ಕೆ ಹೋಗಿಬರುತ್ತೇನೆ, ಇಲ್ಲವೇ ಹೊಸನಗರ, ಮಾಸ್ತಿಕಟ್ಟೆ ಮಾರ್ಗವಾಗಿ ಹುಲಿಕಲ್ ಘಾಟಿ ಇಳಿಯುತ್ತೇನೆ. ಮಾವನವರ ಮನೆ ರಿಪ್ಪನ್‌ಪೇಟೆಯಿಂದ ಒಳಗೆ, ಅಡಿಕೆ ತೋಟದ ನಡುವೆ ಇರುವುದರಿಂದ ಅಲ್ಲಿಗೆ ಹೋಗುವಾಗ ಕೊನೆಯ ತುಂಡು ಕೆಮ್ಮಣ್ಣಿನ ದಾರಿ. ಅಮ್ಮನಿಗೆ ಬೆನ್ನುನೋವಿದೆ, ಅವರೂ ಇದೇ ಕಾರಿನಲ್ಲಿ ಓಡಾಡುತ್ತಾರೆ. ಹೀಗಾಗಿ ರೇಸ್ ಕಾರಿನ ಬಿಗುಪು ನನಗೆ ಬೇಡ.

ತೊಂದರೆಗಳು ಹೀಗಿವೆ. ತಿರುವಿನ ನಡುವೆ ಗುಂಡಿ ಸಿಕ್ಕರೆ ಮುಂಭಾಗ ಒಮ್ಮೆ ಕುಸಿದು ಎದ್ದು, ಮತ್ತೊಮ್ಮೆ ತೂಗಿ ಆಮೇಲೆ ನಿಲ್ಲುತ್ತದೆ. ಹಂಪ್ ದಾಟುವಾಗ ಮುಂದಿನ ಎಡಭಾಗದಿಂದ ಕಟಕಟ ಸದ್ದು ಬರುತ್ತದೆ. ಮಳೆಯಲ್ಲಿ ಸ್ಟಿಯರಿಂಗ್ ತಿರುಗಿಸಿದ ಮೇಲೆ ಕಾರು ಒಂದು ಕ್ಷಣ ತಡೆದು ತಿರುಗಿದಂತೆ ಅನಿಸುತ್ತದೆ. ಟಯರುಗಳು ಮೂಲ ಅಳತೆಯವೇ, 185/60 ಆರ್15 (ಅಗಲ 185 ಮಿ.ಮೀ., ಪಕ್ಕದ ಗೋಡೆ ಅಗಲದ ಶೇಕಡಾ 60, ರಿಮ್ 15 ಇಂಚು). ಬಟನ್ ಇನ್ನೂ ಇದೆ, ಆದರೆ ಬದಿಯ ಸಂಖ್ಯೆ ನೋಡಿದರೆ ಐದು ವರ್ಷ ದಾಟಿದೆ.

ಕೂಲಿಯೂ ಸೇರಿ 80,000 ರೂಪಾಯಿ ಎತ್ತಿಟ್ಟಿದ್ದೇನೆ. ಒಂದು ಅಂಗಡಿಯವರು ಈಗಿರುವ ಶಾಕ್ ಅಬ್ಸಾರ್ಬರುಗಳ ಮೇಲೆಯೇ ಕಾರಿನ ಎತ್ತರ ಇಳಿಸುವ ಲೋವರಿಂಗ್ ಸ್ಪ್ರಿಂಗ್ ಹಾಕಿ, ಉಳಿದ ಹಣದಲ್ಲಿ 17 ಇಂಚಿನ ಅಲಾಯ್ ಕೊಳ್ಳಿ ಎಂದರು. ಎರಡನೆಯ ದಾರಿ ಕಡಿಮೆ ಬೆಲೆಯ ಕಾಯಿಲೋವರ್, ಎಂದರೆ ಎತ್ತರ ಹೊಂದಿಸಬಹುದಾದ ಸ್ಪ್ರಿಂಗು, ಶಾಕ್ ಅಬ್ಸಾರ್ಬರುಗಳ ಜೋಡಿ. ಮೂರನೆಯದು ಮೂಲ ಸ್ಪ್ರಿಂಗುಗಳನ್ನೇ ಇಟ್ಟುಕೊಂಡು ಬಿಲ್‌ಸ್ಟೈನ್ ಅಥವಾ ಕೋನಿ ಕಂಪನಿಯ ಡ್ಯಾಂಪರ್ (ಶಾಕ್ ಅಬ್ಸಾರ್ಬರಿನ ಇನ್ನೊಂದು ಹೆಸರು) ಹಾಕಿಸುವುದು. ನಾಲ್ಕನೆಯದು ಹಿಂಭಾಗಕ್ಕೆ, ತಿರುವಿನಲ್ಲಿ ಕಾರು ವಾಲುವುದನ್ನು ತಡೆಯುವ ದಪ್ಪನೆಯ ಸ್ಟೆಬಿಲೈಸರ್ ಬಾರ್. ನೋಟಕ್ಕಾಗಿ ನಾನು ಕೇಳುತ್ತಿಲ್ಲ; ಆರಿದ್ರೆಯಿಂದ ಮಘೆಯವರೆಗಿನ ಮಳೆಯಲ್ಲೂ ನಂಬಿ ಓಡಿಸುವಂತಿರಬೇಕು, ಸ್ಟಿಯರಿಂಗಿಗೆ ಕಾರು ಕೂಡಲೇ ಉತ್ತರ ಕೊಡಬೇಕು. ಯಾವುದರಿಂದ ಆರಂಭಿಸಲಿ?


ಬಾಳೆಬರೆ, ಹೊಸನಗರ

ತುಂಗಾತೀರ ಅವರೇ, ನೀವು ಹೇಳಿದ ನಾಲ್ಕು ದಾರಿಗಳಲ್ಲಿ ಮೂರನೆಯದೊಂದೇ ನಮ್ಮ ರಸ್ತೆಗಳಿಗೆ ಒಪ್ಪುವಂಥದ್ದು. ಮೊದಲನೆಯದನ್ನು ಯಾರಾದರೂ ಪುಕ್ಕಟೆಯಾಗಿ ಮಾಡಿಕೊಟ್ಟರೂ ಬೇಡ ಎನ್ನಿ. ಕಾರಣವನ್ನು ಸ್ವಲ್ಪ ದೀರ್ಘವಾಗಿಯೇ ಬರೆಯುತ್ತೇನೆ, ಏಕೆಂದರೆ ಹಣ ಹೆಚ್ಚು ಹಾಳಾಗುವುದು ಇಲ್ಲಿಯೇ.

ಸ್ಪ್ರಿಂಗಿನ ಕೆಲಸ ಭಾರ ಹೊರುವುದು. ಅದುಮಿದ ಸ್ಪ್ರಿಂಗು ಎಷ್ಟು ಬೇಗ ಶಾಂತವಾಗಬೇಕು ಎಂಬುದನ್ನು ನಿರ್ಧರಿಸುವುದು ಡ್ಯಾಂಪರ್. ನಿಮ್ಮ ಕಾರು ಗುಂಡಿಯ ನಂತರ ಎರಡನೆಯ ಸಲ ತೂಗುತ್ತಿದೆ ಎಂದರೆ ಡ್ಯಾಂಪರ್ ಸೋತಿದೆ ಎಂದೇ ಅರ್ಥ. ಅಂಥದ್ದರ ಮೇಲೆ ಶೇಕಡಾ 30ರಷ್ಟು ಗಡುಸಾದ ಸ್ಪ್ರಿಂಗ್ ಕೂರಿಸಿದರೆ, ಮೊದಲಿನ ಹದವನ್ನು ಉಳಿಸಿಕೊಳ್ಳಲಿಕ್ಕೇ ಡ್ಯಾಂಪರ್ ಸುಮಾರು ಶೇಕಡಾ 14ರಷ್ಟು ಹೆಚ್ಚು ಬಲ ಕೊಡಬೇಕಾಗುತ್ತದೆ, ಏಕೆಂದರೆ ಬೇಕಾಗುವ ಡ್ಯಾಂಪಿಂಗ್ ಸ್ಪ್ರಿಂಗಿನ ಗಡಸುತನದ ವರ್ಗಮೂಲದ ಜೊತೆ ಏರುತ್ತದೆ. ಹಳೆಯ ಕೆಲಸವನ್ನೇ ಮಾಡಲಾಗದ ಭಾಗದ ಮೇಲೆ ಹೊಸ ಹೊರೆ ಹೇರಿದಂತಾಯಿತು. ಊರೊಳಗೆ ಕಾರು ಬಿಗಿಯಾಗಿದೆ ಎನಿಸಬಹುದು, ಆದರೆ ಘಾಟಿಯಲ್ಲಿ ಅದು ಕುಣಿಯುತ್ತದೆ.

ಇದಕ್ಕಿಂತ ಮುಖ್ಯವಾದದ್ದು ಟ್ರಾವೆಲ್, ಎಂದರೆ ಚಕ್ರವು ಬಂಪ್ ಸ್ಟಾಪಿಗೆ (ಏರಿಕೆಗೆ ಕೊನೆಯ ತಡೆಯಾಗಿರುವ ರಬ್ಬರಿನಂಥ ತುಂಡು) ತಾಗುವ ಮೊದಲು ಮೇಲಕ್ಕೆ ಏರಬಲ್ಲ ದೂರ. ಲೆಕ್ಕಕ್ಕಾಗಿ ಅದನ್ನು 80 ಮಿ.ಮೀ. ಎಂದು ಹಿಡಿಯೋಣ. ಕಾರನ್ನು 30 ಮಿ.ಮೀ. ಇಳಿಸಿದರೆ ಉಳಿಯುವುದು 50. ಸ್ಪ್ರಿಂಗು ನುಂಗಬಲ್ಲ ಶಕ್ತಿ ಆ ದೂರದ ವರ್ಗಕ್ಕೆ ಅನುಗುಣವಾಗಿರುತ್ತದೆ. ಹಾಗಾಗಿ ಮೊದಲು 80 ಮಿ.ಮೀ.ಯಲ್ಲಿ ನುಂಗುತ್ತಿದ್ದ ಪೆಟ್ಟನ್ನು ಈಗ 50ರಲ್ಲಿ ನುಂಗಬೇಕಾದರೆ ಸ್ಪ್ರಿಂಗು ಎರಡೂವರೆ ಪಟ್ಟಿಗಿಂತ ಹೆಚ್ಚು ಗಡುಸಾಗಿರಬೇಕು. ಮಾರುಕಟ್ಟೆಯ ಲೋವರಿಂಗ್ ಸ್ಪ್ರಿಂಗುಗಳು ಇದರ ಹತ್ತಿರಕ್ಕೂ ಬರುವುದಿಲ್ಲ, ಬಂದರೆ ಅದರ ಮೇಲೆ ಕೂರುವುದಕ್ಕೂ ಆಗುವುದಿಲ್ಲ. ಕೊರತೆಯನ್ನು ತುಂಬುವುದು ಬಂಪ್ ಸ್ಟಾಪು. ಹುಲಿಕಲ್ ಇಳಿಯುವಾಗ ಬ್ರೇಕ್ ಒತ್ತಿದ್ದೀರಿ, ಇಳಿಜಾರಿನಿಂದಲೂ ಬ್ರೇಕಿನಿಂದಲೂ ಮೂತಿ ಕೆಳಗಾಗಿದೆ, ತಿರುವಿನಿಂದಾಗಿ ಹೊರಗಿನ ಮುಂದಿನ ಚಕ್ರ ಮೊದಲೇ ಅದುಮಿದೆ. ಅದೇ ಚಕ್ರಕ್ಕೆ ಒಂದು ಗುಂಡಿ ಸಿಕ್ಕಿ ಬಂಪ್ ಸ್ಟಾಪ್ ತಾಗಿದ ಕ್ಷಣದಲ್ಲಿ ಆ ಮೂಲೆ ಏಕಾಏಕಿ ಕಲ್ಲಿನಂತಾಗುತ್ತದೆ. ಒದ್ದೆ ರಸ್ತೆಯಲ್ಲಿ ಟಯರು ಆ ಏಟನ್ನು ತಾಳಿಕೊಳ್ಳದೆ ಜಾರುತ್ತದೆ. ನೀವು ಹುಡುಕುತ್ತಿರುವ ನಂಬಿಕೆ ಕಳೆದುಹೋಗುವ ಜಾಗ ಅದೇ.

ಚಿಕ್ಕಮಗಳೂರಿನ ಕಾಫಿ ತೋಟಗಳ ದಾರಿಯಲ್ಲಿ ರಾಷ್ಟ್ರೀಯ ರ‍್ಯಾಲಿ ಚಾಂಪಿಯನ್‌ಶಿಪ್ಪಿನ ಸುತ್ತುಗಳು ನಡೆದಾಗ ಅಲ್ಲಿಗೆ ಬರುವ ಕಾರುಗಳನ್ನು ಹತ್ತಿರದಿಂದ ನೋಡಿದವರಿಗೆ ಗೊತ್ತು: ಅವು ನೆಲಕ್ಕೆ ಅಂಟಿಕೊಂಡಿರುವುದಿಲ್ಲ. ಎತ್ತರವಾಗಿ, ಉದ್ದ ಟ್ರಾವೆಲ್ಲಿನ ಡ್ಯಾಂಪರುಗಳ ಮೇಲೆ ನಿಂತಿರುತ್ತವೆ. ಕೆಟ್ಟ ಮೇಲ್ಮೈಯಲ್ಲಿ ವೇಗ ಬೇಕಾದವರು ಹಣ ಹಾಕುವುದು ಡ್ಯಾಂಪರಿಗೆ.

ಕಡಿಮೆ ಬೆಲೆಯ ಕಾಯಿಲೋವರುಗಳ ವಿಷಯ ಚಿಕ್ಕದು. ಹಲವು ಕಿಟ್ಟುಗಳಲ್ಲಿ ಸ್ಪ್ರಿಂಗಿನ ತಟ್ಟೆಯನ್ನು ಇಳಿಸಿಯೇ ಎತ್ತರ ಕಡಿಮೆ ಮಾಡಬೇಕು, ಆಗ ಟ್ರಾವೆಲ್ಲೂ ಅಷ್ಟೇ ಕಡಿಮೆಯಾಗುತ್ತದೆ. ಅದರ ಮೇಲೆ ನಮ್ಮಲ್ಲಿಯ ಮಳೆಗಾಲದ ಕೆಮ್ಮಣ್ಣು ಥ್ರೆಡ್ಡಿನೊಳಗೆ ಕೂತು ತುಕ್ಕು ಹಿಡಿದರೆ ಹೊಂದಾಣಿಕೆಯ ನಟ್ಟನ್ನು ಯಾರೂ ಅಲುಗಾಡಿಸಲಾರರು. ಒಳ್ಳೆಯ ಕಾಯಿಲೋವರ್ ಇಲ್ಲವೆಂದಲ್ಲ. ಅವು ನಿಮ್ಮ ಬಜೆಟ್ಟಿನ ಆಚೆ ಇವೆ.

17 ಇಂಚಿನ ರಿಮ್ಮಿನ ಮಾತನ್ನು ಮರೆತುಬಿಡಿ. ಈಗಿನ ಟಯರಿನ ಪಕ್ಕದ ಗೋಡೆ 111 ಮಿ.ಮೀ. ಎತ್ತರವಿದೆ. 205/45 ಆರ್17ರಲ್ಲಿ ಅದು ಸುಮಾರು 92 ಮಿ.ಮೀ.ಗೆ ಇಳಿಯುತ್ತದೆ, ಜೊತೆಗೆ ಚಕ್ರದ ತೂಕವೂ ಸಾಮಾನ್ಯವಾಗಿ ಹೆಚ್ಚುತ್ತದೆ. ಡಾಂಬರಿನ ಅಂಚು ಮುರಿದು ಜಂಬಿಟ್ಟಿಗೆ ಕಲ್ಲು ಹೊರಗೆ ಕಾಣುವ ರಸ್ತೆಗಳಲ್ಲಿ ಎದುರಿನ ಬಸ್ಸಿಗೆ ದಾರಿ ಬಿಡಲು ಕೆಳಗಿಳಿಯುವಾಗ ಆ 19 ಮಿ.ಮೀ. ರಬ್ಬರೇ ರಿಮ್ಮನ್ನು ಕಾಯುವುದು. ನಿಮ್ಮ ಹಣದಲ್ಲಿ ಮೊದಲ ಪಾಲು ಮೂಲ ಅಳತೆಯ ನಾಲ್ಕು ಹೊಸ ಟಯರುಗಳಿಗೆ ಹೋಗಲಿ, ಎರಡನೆಯದು ಡ್ಯಾಂಪರುಗಳಿಗೆ. ಐದು ವರ್ಷದ ರಬ್ಬರು ಗಟ್ಟಿಯಾಗಿರುತ್ತದೆ, ಬಟನ್ ಇದ್ದರೂ ಒದ್ದೆಯಲ್ಲಿ ಹಿಡಿತ ಕೊಡುವುದಿಲ್ಲ. ಕಾನೂನಿನ ಕನಿಷ್ಠ ಆಳ 1.6 ಮಿ.ಮೀ. ಎಂಬುದು ಒಣ ನಾಡಿಗೆ ಸಾಕಾದೀತು. ವರ್ಷಕ್ಕೆ 7,000 ಮಿ.ಮೀ.ಗೂ ಹೆಚ್ಚು ಮಳೆ ಸುರಿಯುವ ಆಗುಂಬೆಯ ಕಡೆ ಓಡಿಸುವವರು 3 ಮಿ.ಮೀ.ಗೆ ಇಳಿಯುತ್ತಿದ್ದಂತೆ ಬದಲಾಯಿಸುವುದು ಕ್ಷೇಮ.


ಅಡಿಪಾಯ, ಭದ್ರಾವತಿ

ನಮಸ್ಕಾರ. ನಾನು ಗ್ಯಾರೇಜು ನಡೆಸುತ್ತೇನೆ, ಅದರಲ್ಲೂ ಅಂಡರ್‌ಬಾಡಿ ಕೆಲಸವೇ ಹೆಚ್ಚು. ಬಾಳೆಬರೆ ಅವರು ಬರೆದದ್ದಕ್ಕೆ ನನ್ನ ಪೂರ್ಣ ಒಪ್ಪಿಗೆಯಿದೆ. ಆದರೆ ಡ್ಯಾಂಪರ್ ಆರ್ಡರ್ ಮಾಡುವ ಮೊದಲು ಆ ಕಟಕಟ ಸದ್ದಿನ ಮೂಲ ಹುಡುಕಬೇಕು. ಸವೆದ ಬುಷ್ಷಿನ, ಎಂದರೆ ಕೀಲಿನೊಳಗಿನ ರಬ್ಬರಿನ ಮೇಲೆ ಎಷ್ಟೇ ಒಳ್ಳೆಯ ಡ್ಯಾಂಪರ್ ಹಾಕಿದರೂ ಸ್ಟಿಯರಿಂಗಿನ ತಡ ಹೋಗುವುದಿಲ್ಲ. ಏಕೆಂದರೆ ನೀವು ಹೇಳಿದ "ಒಂದು ಕ್ಷಣ ತಡೆದು ತಿರುಗುವುದು" ಬಹುಮಟ್ಟಿಗೆ ಲೋವರ್ ಆರ್ಮಿನ (ಚಕ್ರವನ್ನು ಕಾರಿನ ಚೌಕಟ್ಟಿಗೆ ಜೋಡಿಸುವ ಕೆಳಗಿನ ತೋಳು) ಹಿಂದಿನ ಬುಷ್ ಸಡಿಲವಾದಾಗಲೇ ಬರುವ ಲಕ್ಷಣ. ಚಕ್ರ ಒಂದು ದಿಕ್ಕು ಹಿಡಿಯುವ ಮೊದಲು ಆರ್ಮ್ ರಬ್ಬರಿನೊಳಗೆ ಸರಿದಾಡುತ್ತದೆ.

ಸದ್ದಿಗೆ ಸಾಮಾನ್ಯವಾಗಿ ಮೂರು ಕಡೆ ನೋಡುತ್ತೇವೆ. ಸಣ್ಣ ಸಣ್ಣ ಏರುತಗ್ಗುಗಳ ಮೇಲೆ ನಿಧಾನವಾಗಿ ಹೋಗುವಾಗ ಕಟಕಟ ಎಂದರೆ ಮೊದಲ ಅನುಮಾನ ಸ್ಟೆಬಿಲೈಸರ್ ಬಾರನ್ನು ಜೋಡಿಸುವ ಲಿಂಕ್ ರಾಡಿನ ಮೇಲೆ. ನಿಂತಲ್ಲೇ ಸ್ಟಿಯರಿಂಗ್ ತಿರುಗಿಸುವಾಗ ಸ್ಪ್ರಿಂಗು ಟಣ್ ಎಂದು ಹಾರಿದಂತೆ ಕೇಳಿದರೆ ಸ್ಟ್ರಟ್ಟಿನ (ಮುಂದಿನ ಸ್ಪ್ರಿಂಗು, ಡ್ಯಾಂಪರುಗಳ ಜೋಡಿ) ತಲೆಯನ್ನು ಕಾರಿಗೆ ಬಿಗಿಯುವ ಟಾಪ್ ಮೌಂಟ್ ಅಥವಾ ಅದರ ಬೇರಿಂಗ್ ಹೋಗಿದೆ. ಬ್ರೇಕ್ ಹಿಡಿದಾಗ, ಬಿಟ್ಟಾಗ ಒಂದೊಂದು ಸಲ ದಡ್ ಎಂದರೆ ಲೋವರ್ ಆರ್ಮ್ ಬುಷ್. ಬಾನೆಟ್ಟಿನ ಮೂಲೆ ಒತ್ತಿ ಬಿಟ್ಟು ಶಾಕ್ ಅಬ್ಸಾರ್ಬರ್ ಚೆನ್ನಾಗಿದೆ ಎನ್ನುವವರಿದ್ದಾರೆ. ಆ ಪರೀಕ್ಷೆಯಲ್ಲಿ ಪೂರ್ತಿ ಸತ್ತ ಡ್ಯಾಂಪರ್ ಸಿಕ್ಕಿಬೀಳುತ್ತದೆ, ಅರ್ಧ ಸೋತದ್ದು ಸಿಗುವುದಿಲ್ಲ. ಕಾರನ್ನು ಲಿಫ್ಟಿಗೆ ಏರಿಸಿ ಡ್ಯಾಂಪರಿನ ರಾಡನ್ನು ಧೂಳಿನಿಂದ ಕಾಯುವ ಡಸ್ಟ್ ಬೂಟ್ ಹರಿದಿದೆಯೇ, ರಾಡಿನ ಸುತ್ತ ಎಣ್ಣೆ ಒಸರಿದೆಯೇ, ಟಯರಿನ ಮೇಲೆ ಅಲ್ಲಲ್ಲಿ ತಗ್ಗುತಗ್ಗಾಗಿ ಸವೆತವಿದೆಯೇ ಎಂದು ನೋಡಬೇಕು. ನಮ್ಮ ಕಡೆ ಡಸ್ಟ್ ಬೂಟ್ ಹರಿದ ಕಾರಿನಲ್ಲಿ ಕೆಸರಿನ ಮರಳೇ ಸೀಲನ್ನು ತಿಂದುಹಾಕುತ್ತದೆ.

ಬುಷ್ಷುಗಳು ರಬ್ಬರಿನವೇ ಇರಲಿ. ಪಾಲಿಯುರೆಥೇನ್ ಬುಷ್ ಹಾಕಿಸಿ ಎಂದು ಹೇಳುವವರು ಸಿಗುತ್ತಾರೆ. ಅದು ಸ್ಟಿಯರಿಂಗಿಗೆ ಚುರುಕು ತರುವುದು ನಿಜ, ಆದರೆ ಗ್ರೀಸು ತೊಳೆದುಹೋದ ಮೇಲೆ ಕಿರುಗುಟ್ಟುತ್ತದೆ, ರಸ್ತೆಯ ಅದುರನ್ನು ಒಳಗೆ ಕಳಿಸುತ್ತದೆ. ತಾಯಿಯವರ ಬೆನ್ನಿಗೆ ಅದು ಬೇಡ. ಹೊಸ ರಬ್ಬರು ಬಂದರೆ ಕಾರು ಅರ್ಧ ಹೊಸದಾದಂತೆ ಅನಿಸುತ್ತದೆ.

ಇನ್ನು ಕೆಲಸ ಮಾಡಿಸುವಾಗ ನೀವೇ ಪಕ್ಕದಲ್ಲಿ ನಿಂತು ನೋಡಬೇಕಾದ ಕೆಲವು ವಿಷಯಗಳಿವೆ. ಪೋಲೊದ ಮುಂದಿನ ಸ್ಟ್ರಟ್ ಸ್ಟಿಯರಿಂಗ್ ನಕಲ್ (knuckle, ಚಕ್ರದ ಬೇರಿಂಗನ್ನು ಹಿಡಿದಿರುವ ಲೋಹದ ಭಾಗ) ಎಂಬುದರೊಳಗೆ ತೂರಿ, ಒಂದು ಬೋಲ್ಟಿನಿಂದ ಬಿಗಿದುಕೊಂಡಿರುತ್ತದೆ. ಅದನ್ನು ಬಿಡಿಸಲು ಸೀಳನ್ನು ಅಗಲಿಸುವ ಉಪಕರಣವಿದೆ. ಅದಿಲ್ಲದ ಕಡೆ ಉಳಿ ಬಡಿದು, ಸುತ್ತಿಗೆ ಹೊಡೆದು ಬಿಡಿಸುತ್ತಾರೆ, ಆಗ ನಕಲ್‌ಗೂ ಬೇರಿಂಗಿಗೂ ಪೆಟ್ಟಾಗುತ್ತದೆ. ಆರ್ಮಿನ ಬುಷ್ ಬೋಲ್ಟುಗಳನ್ನು ಚಕ್ರ ಗಾಳಿಯಲ್ಲಿ ತೂಗುತ್ತಿರುವಾಗ ಕೊನೆಯ ಬಿಗಿತ ಕೊಡಬಾರದು. ಹಾಗೆ ಕೊಟ್ಟರೆ ಕಾರು ನೆಲಕ್ಕಿಳಿದ ಮೇಲೆ ರಬ್ಬರು ಸದಾ ತಿರುಚಿಕೊಂಡೇ ಇದ್ದು ಬೇಗ ಹರಿಯುತ್ತದೆ. ಭಾರವೆಲ್ಲ ಚಕ್ರದ ಮೇಲೆ ಬಂದ ನಂತರವೇ ಬಿಗಿತವನ್ನು ಅಳೆದು ಕೊಡುವ ಟಾರ್ಕ್ ರೆಂಚಿನಿಂದ ಬಿಗಿಯಬೇಕು. ಹೊಸ ಬುಷ್ ಒಂದೇ ಮಳೆಗಾಲಕ್ಕೆ ಹೋಯಿತು ಎಂದು ನನ್ನಲ್ಲಿಗೆ ಬರುವ ಕಾರುಗಳಲ್ಲಿ ಹೆಚ್ಚಿನವುಗಳ ಕಾಯಿಲೆ ಇದೇ. ಒಮ್ಮೆ ಬಿಗಿದು ಬಿಚ್ಚಿದ ಮೇಲೆ ಮತ್ತೆ ಬಳಸಬಾರದ ಬೋಲ್ಟುಗಳು ಈ ಕಾರಿನಲ್ಲಿವೆ. ಅವುಗಳನ್ನು ಹೊಸದಾಗಿ ತರಿಸಿಟ್ಟುಕೊಂಡೇ ಕೆಲಸಕ್ಕೆ ಕೈ ಹಾಕಿ.

ಟಾಪ್ ಮೌಂಟ್, ಅದರ ಬೇರಿಂಗ್, ಬಂಪ್ ಸ್ಟಾಪ್, ಡಸ್ಟ್ ಬೂಟ್ ಇವುಗಳನ್ನು ಡ್ಯಾಂಪರಿನ ಜೊತೆಗೇ ಬದಲಾಯಿಸಿ. ಸ್ಟ್ರಟ್ ಒಮ್ಮೆ ಹೊರಗೆ ಬಂದಿರುತ್ತದೆ. ಆಮೇಲೆ ಮತ್ತೊಮ್ಮೆ ಬಿಚ್ಚಿದರೆ ಕೂಲಿ ಎರಡನೆಯ ಸಲ ಕೊಡಬೇಕು.


ಸಾಗರದ ವೆಂಟೊ, ಬೆಂಗಳೂರು

ಇಷ್ಟು ಹೊತ್ತು ಓದಿದ ಮೇಲೆ ಒಂದು ಬೇರೆ ಮಾತು ಹೇಳಲೇಬೇಕೆನಿಸಿತು. ನನ್ನದು ಪೋಲೊದ ತಳಹದಿಯ ಮೇಲೆಯೇ ಮಾಡಿದ ಫೋಕ್ಸ್‌ವ್ಯಾಗನ್ ವೆಂಟೊ ಸೆಡಾನ್. ಬಿಲ್‌ಸ್ಟೈನ್ ಬಿ8 ಡ್ಯಾಂಪರ್ ಮತ್ತು ಐಬಾಕ್ ಕಂಪನಿಯ ಲೋವರಿಂಗ್ ಸ್ಪ್ರಿಂಗ್ ಜೋಡಿ ಹಾಕಿಸಿದ್ದೇನೆ, ಹಬ್ಬಕ್ಕೂ ತೋಟದ ಕೊಯ್ಲಿಗೂ ಇದೇ ಕಾರಿನಲ್ಲಿ ಬೆಂಗಳೂರಿನಿಂದ ಸಾಗರಕ್ಕೆ ಬಂದುಹೋಗುತ್ತೇನೆ. ಹೆದ್ದಾರಿಯಲ್ಲಿ ಪಥ ಬದಲಾಯಿಸುವಾಗ, ಶಿವಮೊಗ್ಗ ದಾಟಿ ಆನಂದಪುರದತ್ತ ಬರುವ ಉದ್ದ ತಿರುವುಗಳಲ್ಲಿ ಕಾರು ವಾಲದೆ ನಿಲ್ಲುವುದನ್ನು ಒಮ್ಮೆ ಅನುಭವಿಸಿದವರು ಮೂಲ ಎತ್ತರಕ್ಕೆ ಮರಳಲು ಒಪ್ಪಲಾರರು. ಇಳಿಸಿದ ಕಾರೆಲ್ಲ ಬಂಪ್ ಸ್ಟಾಪಿನ ಮೇಲೆ ಕುಣಿಯುತ್ತದೆ ಎಂಬ ಮಾತು, ಹಳೆಯ ಡ್ಯಾಂಪರಿನ ಮೇಲೆ ಸ್ಪ್ರಿಂಗ್ ಮಾತ್ರ ಬದಲಿಸಿದವರಿಗೆ ಸಲ್ಲುತ್ತದೆ. ಬಿ8 ಇರುವುದೇ ಇಳಿಸಿದ ಸ್ಪ್ರಿಂಗಿಗಾಗಿ; ಅದರ ಉದ್ದವನ್ನೇ ಮೊಟಕುಗೊಳಿಸಿ ಮಾಡಿರುತ್ತಾರೆ. ಎರಡೂ ಒಂದಕ್ಕೊಂದು ಹೊಂದುವಂತೆ ಬಂದಾಗ ಸವಾರಿ ಅಷ್ಟೇನೂ ಒರಟಾಗಿರುವುದಿಲ್ಲ.

ಗುರುತ್ವ ಕೇಂದ್ರ ಕೆಳಗಿಳಿದರೆ ತಿರುವಿನಲ್ಲಿ ಭಾರ ಹೊರಗಿನ ಚಕ್ರಕ್ಕೆ ಸರಿಯುವುದು ಕಡಿಮೆಯಾಗುತ್ತದೆ, ನಾಲ್ಕೂ ಚಕ್ರಗಳು ಸಮವಾಗಿ ದುಡಿಯುತ್ತವೆ. ಸ್ಪೋರ್ಟ್ಸ್ ಕಾರು ಎಂಬುದರ ಅರ್ಥವೇ ಅದಲ್ಲವೇ? ತುಂಗಾತೀರ ಅವರು ಸ್ವಲ್ಪ ಹಣ ಕೂಡಿಸಿ ಈ ದಾರಿಗೆ ಬಂದರೆ ಒಳ್ಳೆಯದು. ಬಂಪರಿನ ತುಟಿ ಹಂಪಿಗೆ ತಾಗದಂತೆ ಓರೆಯಾಗಿ ಹತ್ತಿಸುವುದನ್ನು ಕಲಿತರೆ ಸಾಕು.


ಬಾಳೆಬರೆ, ಹೊಸನಗರ

ಸಾಗರದ ವೆಂಟೊ ಅವರೇ, ನಿಮ್ಮ ಜೋಡಿ ಸರಿಯಾದ ಜೋಡಿಯೇ. ನೀವು ಹೆಚ್ಚು ಓಡಿಸುವ ಹೆದ್ದಾರಿಗೆ ಅದು ಹೊಂದುತ್ತದೆ, ಅದರಲ್ಲಿ ಎರಡು ಮಾತಿಲ್ಲ. ಪ್ರಶ್ನೆ ಕೇಳಿದವರ ರಸ್ತೆ ಬೇರೆ. ಭಾರ ಸರಿಯುವ ವಿಷಯವನ್ನು ಸಂಖ್ಯೆಯಲ್ಲಿ ಇಟ್ಟು ನೋಡೋಣ. ಕಾರು ಸುಮಾರು 1,100 ಕೆ.ಜಿ. ಇದೆ, ಗುರುತ್ವ ಕೇಂದ್ರ ನೆಲದಿಂದ ಅರ್ಧ ಮೀಟರ್, ಎಡಬಲ ಚಕ್ರಗಳ ನಡುವಿನ ಅಂತರ 1.45 ಮೀಟರ್ ಎಂದಿಟ್ಟುಕೊಳ್ಳಿ. ಗುರುತ್ವದ ಹತ್ತರಲ್ಲಿ ಆರು ಪಾಲಿನಷ್ಟು ಬಲದಿಂದ ತಿರುಗುವಾಗ ಒಳಗಿನ ಚಕ್ರಗಳಿಂದ ಹೊರಗಿನವಕ್ಕೆ ಸರಿಯುವ ಭಾರ ಸುಮಾರು 228 ಕೆ.ಜಿ. ಕಾರನ್ನು 30 ಮಿ.ಮೀ. ಇಳಿಸಿದರೆ ಅದು 214 ಆಗುತ್ತದೆ. ಶೇಕಡಾ ಆರರ ಲಾಭ. ಅದನ್ನು ಪಡೆಯಲು ಮೇಲ್ಮುಖ ಟ್ರಾವೆಲ್ಲಿನ ಮೂರನೆಯ ಒಂದು ಪಾಲಿಗಿಂತ ಹೆಚ್ಚನ್ನು ಕೊಟ್ಟಿರುತ್ತೇವೆ.

ಕಾರು ವಾಲುವುದು ಕಡಿಮೆಯಾದರೆ ಭಾರ ಸರಿಯುವುದೂ ಕಡಿಮೆಯಾಯಿತು ಎಂದು ಹಲವರು ನಂಬಿದ್ದಾರೆ. ಹಾಗಿಲ್ಲ. ಒಟ್ಟು ಎಷ್ಟು ಭಾರ ಸರಿಯಬೇಕು ಎಂಬುದನ್ನು ಮುಖ್ಯವಾಗಿ ನಿರ್ಧರಿಸುವುದು ತೂಕ, ಎತ್ತರ, ಚಕ್ರಗಳ ನಡುವಿನ ಅಂತರ ಮತ್ತು ತಿರುವಿನ ಬಲ. ಸ್ಪ್ರಿಂಗು, ಸ್ಟೆಬಿಲೈಸರ್ ಬಾರುಗಳ ಗಡಸುತನ ಆ ಭಾರವನ್ನು ಮುಂದೆ ಎಷ್ಟು, ಹಿಂದೆ ಎಷ್ಟು ಎಂದು ಹಂಚುತ್ತದೆ. ಇದು ಅರ್ಥವಾದರೆ ತುಂಗಾತೀರ ಅವರ ನಾಲ್ಕನೆಯ ಆಯ್ಕೆಯ ಗುಣವೂ ಅಪಾಯವೂ ಒಟ್ಟಿಗೇ ಕಾಣುತ್ತವೆ. ಹಿಂಭಾಗಕ್ಕೆ ದಪ್ಪ ಬಾರ್ ಹಾಕಿದರೆ ಹಿಂದಿನ ಹೊರಚಕ್ರ ಹೆಚ್ಚು ಭಾರ ಹೊತ್ತು, ಮುಂದಿನ ಹೊರಚಕ್ರ ಹಗುರಾಗಿ, ಮೂತಿ ತಿರುವಿನ ಒಳಕ್ಕೆ ಚೆನ್ನಾಗಿ ಬರುತ್ತದೆ. ಒಣ ರಸ್ತೆಯಲ್ಲಿ ಮುಂದಿನ ಚಕ್ರದಿಂದ ಓಡುವ ಕಾರಿಗೆ ಇದು ಸೊಗಸಾದ ಬದಲಾವಣೆ. ಆದರೆ ಪಾಚಿ ಕಟ್ಟಿದ, ಎಲೆ ಉದುರಿ ಕೊಳೆತ ಒದ್ದೆ ತಿರುವಿನಲ್ಲಿ ಬೆದರಿ ಆಕ್ಸಲರೇಟರ್ ಬಿಟ್ಟರೆ ಹಿಂಭಾಗ ಮೊದಲು ಜಾರುತ್ತದೆ. ಆಗುಂಬೆಯ ರಸ್ತೆಯ ಅಗಲದಲ್ಲಿ ಅದನ್ನು ತಿದ್ದಿಕೊಳ್ಳಲು ಜಾಗವಿಲ್ಲ. ಹೊಸ ಟಯರು, ಹೊಸ ಡ್ಯಾಂಪರುಗಳೊಂದಿಗೆ ಒಂದು ಮಳೆಗಾಲ ಕಳೆದ ಮೇಲೆಯೂ ಮೂತಿ ಹೊರಕ್ಕೆ ಹೋಗುತ್ತಿದೆ ಎನಿಸಿದರೆ ಆಗ ಆ ಬಾರಿನ ಯೋಚನೆ ಮಾಡಿ.

ಇನ್ನೊಂದು ಸಂಗತಿ. ಭಾರತದ ಪೋಲೊ ಯುರೋಪಿನ ಪೋಲೊಗಿಂತ ಎತ್ತರವಾಗಿ ನಿಲ್ಲುತ್ತದೆ. ಆಮದಾದ ಸ್ಪ್ರಿಂಗಿನ ಡಬ್ಬದ ಮೇಲೆ 30 ಮಿ.ಮೀ. ಎಂದಿದ್ದು, ಅದು ಅಲ್ಲಿನ ಎತ್ತರದಿಂದ ಲೆಕ್ಕ ಹಾಕಿದ್ದಾದರೆ ನಮ್ಮ ಕಾರು ಅದಕ್ಕಿಂತ ಹೆಚ್ಚೇ ಇಳಿಯುತ್ತದೆ. ಪೋಲೊದಂಥ ಮ್ಯಾಕ್‌ಫರ್ಸನ್ ಸ್ಟ್ರಟ್ ಬಗೆಯ ಕಾರನ್ನು ಅತಿಯಾಗಿ ಇಳಿಸಿದರೆ ಲೋವರ್ ಆರ್ಮ್ ಅಡ್ಡಮಟ್ಟ ದಾಟಿ ಮೇಲ್ಮುಖವಾಗುತ್ತದೆ. ಆಗ ಕಾರು ವಾಲುವ ಅಕ್ಷ ಗುರುತ್ವ ಕೇಂದ್ರಕ್ಕಿಂತಲೂ ಹೆಚ್ಚು ಕೆಳಗೆ ಸರಿದು, ವಾಲಿಸುವ ಬಲವೇ ದೊಡ್ಡದಾಗುತ್ತದೆ. ಕಡಿಮೆ ವಾಲಲಿ ಎಂದು ಇಳಿಸಿದ ಕಾರಿನಲ್ಲಿ ಇದು ವಿಪರೀತವಾದ ಫಲ.

ಕಾನೂನಿನ ಕಡೆಯಿಂದಲೂ ಮೂಲ ಎತ್ತರದ ದಾರಿ ಸರಳ. ತಯಾರಕರು ನಮೂದಿಸಿದ ವಿವರಗಳಿಗೆ ಭಿನ್ನವಾಗುವಂತೆ ವಾಹನವನ್ನು ಮಾರ್ಪಡಿಸುವುದನ್ನು 1988ರ ಮೋಟಾರು ವಾಹನ ಕಾಯಿದೆಯ 52ನೇ ಸೆಕ್ಷನ್ ನಿರ್ಬಂಧಿಸುತ್ತದೆ. ಸವೆದ ಡ್ಯಾಂಪರಿನ ಜಾಗಕ್ಕೆ ಅದೇ ಅಳತೆಯ ಉತ್ತಮ ಡ್ಯಾಂಪರ್ ಹಾಕುವುದು ದುರಸ್ತಿಯ ಕೆಲಸ. ಹೇಗಿದ್ದರೂ ಯಾವ ಬದಲಾವಣೆ ಮಾಡಿಸಿದರೂ ವಿಮಾ ಕಂಪನಿಗೆ ಬರಹದಲ್ಲಿ ತಿಳಿಸಿ.


ತುಂಗಾತೀರ, ಶಿವಮೊಗ್ಗ

ಇಷ್ಟು ಶ್ರಮವಹಿಸಿ ಬರೆದ ಎಲ್ಲರಿಗೂ ಕೃತಜ್ಞತೆಗಳು. ಅಡಿಪಾಯ ಅವರು ಹೇಳಿದಂತೆ ಸಾಗರ ರಸ್ತೆಯ ಆಟೋ ಕಾಂಪ್ಲೆಕ್ಸಿನಲ್ಲಿ ಕಾರನ್ನು ಲಿಫ್ಟಿಗೆ ಹಾಕಿಸಿ ನೋಡಿದೆ. ಎಡಗಡೆಯ ಲಿಂಕ್ ರಾಡ್ ಕೈಯಲ್ಲಿ ಅಲುಗಾಡುತ್ತದೆ, ಎರಡೂ ಲೋವರ್ ಆರ್ಮುಗಳ ಹಿಂದಿನ ಬುಷ್ ಬಿರುಕು ಬಿಟ್ಟಿದೆ, ಮುಂದಿನ ಬಲ ಸ್ಟ್ರಟ್ಟಿನಲ್ಲಿ ಎಣ್ಣೆಯ ಗುರುತಿದೆ. ಹಿಂದಿನವು ಒಣಗಿದ್ದರೂ ಡಸ್ಟ್ ಬೂಟ್ ಎರಡೂ ಹರಿದಿವೆ. ಸ್ಪ್ರಿಂಗುಗಳಲ್ಲಿ ತುಕ್ಕಾಗಲಿ ಬಿರುಕಾಗಲಿ ಇಲ್ಲ. ಲೋವರಿಂಗ್ ಸ್ಪ್ರಿಂಗ್ ಮತ್ತು ರಿಮ್ಮಿನ ಯೋಚನೆಯನ್ನು ಕೈಬಿಟ್ಟಿದ್ದೇನೆ.

ಉಳಿದಿರುವ ಸಂದೇಹ ಎರಡು. ಮೂಲ ಎತ್ತರಕ್ಕೆ ಬಿಲ್‌ಸ್ಟೈನಿನಲ್ಲೇ ಬಿ4 ಮತ್ತು ಬಿ6 ಎಂಬ ಎರಡು ಬಗೆಯಿವೆ, ಬೆಲೆಯಲ್ಲಿ ದೊಡ್ಡ ಅಂತರವಿದೆ. ಬಿ6 ತೆಗೆದುಕೊಂಡರೆ ಟಯರಿಗೆ ಹಣ ಉಳಿಯುವುದಿಲ್ಲ. ಟಯರನ್ನು ಮುಂದಿನ ವರ್ಷಕ್ಕೆ ದೂಡಲೇ, ಅಥವಾ ಬಿ4ಕ್ಕೆ ಇಳಿಯಲೇ? ಹಾಗೆಯೇ ಟಯರು ಬದಲಾಯಿಸುವಾಗ 195/60ಕ್ಕೆ ಹೋದರೆ ತೊಂದರೆಯಿದೆಯೇ?


ಬಾಳೆಬರೆ, ಹೊಸನಗರ

ಟಯರನ್ನು ದೂಡಬೇಡಿ. ಬಿ4 ಮತ್ತು ಹೊಸ ಟಯರು ಸೇರಿದ ಕಾರು, ಬಿ6 ಮತ್ತು ಗಟ್ಟಿಯಾದ ಹಳೆಯ ಟಯರು ಸೇರಿದ ಕಾರಿಗಿಂತ ಜುಲೈ ತಿಂಗಳಲ್ಲಿ ಎಲ್ಲ ರೀತಿಯಿಂದಲೂ ಮೇಲು.

ಎರಡರ ವ್ಯತ್ಯಾಸ ತಿಳಿದಿರಲಿ. ಬಿ4 ಮೂಲ ಭಾಗಕ್ಕೆ ಬದಲಿಯಾಗಿ ಬರುವಂಥದ್ದು, ಹದವೂ ಮೂಲಕ್ಕೆ ಹತ್ತಿರ. ಬಿ6 ಒಂಟಿ ಕೊಳವೆಯದು. ಅದರಲ್ಲಿ ಎಣ್ಣೆಯನ್ನೂ ಹೆಚ್ಚಿನ ಒತ್ತಡದ ನೈಟ್ರೋಜನ್ನನ್ನೂ ಜಾರುವ ಪಿಸ್ಟನ್ ಒಂದು ಬೇರ್ಪಡಿಸಿರುತ್ತದೆ, ಹೀಗಾಗಿ ಉದ್ದದ ಘಾಟಿಯಲ್ಲಿ ಎಡೆಬಿಡದೆ ದುಡಿದರೂ ಎಣ್ಣೆ ನೊರೆಗಟ್ಟಿ ಬಲ ಕಳೆದುಕೊಳ್ಳುವುದಿಲ್ಲ. ವೇಗವಾಗಿ ಓಡಿಸುವವರಿಗೆ ಆ ಗುಣ ಬೆಲೆಬಾಳುತ್ತದೆ. ಆದರೆ ಒಂಟಿ ಕೊಳವೆಯ ಹೊರಗೋಡೆಯ ಒಳಮೈಗೇ ತಾಗಿ ಪಿಸ್ಟನ್ ಓಡುವುದರಿಂದ, ಹೊರಗೆ ತೆರೆದುಕೊಂಡಿರುವ ಹಿಂದಿನ ಡ್ಯಾಂಪರಿಗೆ ಕಲ್ಲು ಹಾರಿ ಹೊಡೆದು ತಗ್ಗು ಬಿದ್ದರೆ ಒಳಗಿನ ಪಿಸ್ಟನ್ ಕಚ್ಚಿಕೊಳ್ಳಬಹುದು. ರಿಪ್ಪನ್‌ಪೇಟೆಯ ಆಚಿನ ನಿಮ್ಮ ಕೆಮ್ಮಣ್ಣು ದಾರಿಯನ್ನು ನೆನೆದರೆ ಇದೂ ಬಿ4ರ ಪರವಾಗಿಯೇ ನಿಲ್ಲುತ್ತದೆ. ಕೋನಿ ಸ್ಪೆಷಲ್ ಆ್ಯಕ್ಟಿವ್ ಕೂಡ ಕೇಳಿ ನೋಡಿ. ಸಣ್ಣ, ಚುರುಕಾದ ಅದುರುಗಳಿಗೆ ಮೆದುವಾಗಿಯೂ ಇಡೀ ಕಾರು ತೂಗುವಾಗ ಬಿಗಿಯಾಗಿಯೂ ವರ್ತಿಸುವಂತೆ ಅದನ್ನು ರೂಪಿಸಿದ್ದಾರೆ. ತಾಯಿಯವರ ಬೆನ್ನನ್ನೂ ನಿಮ್ಮ ತಿರುವುಗಳನ್ನೂ ಒಟ್ಟಿಗೆ ಗಮನಿಸಿದರೆ ನಾನು ಮೊದಲು ವಿಚಾರಿಸುವುದು ಅದನ್ನೇ. ಯಾವುದನ್ನು ತರಿಸಿದರೂ ಚಾಸಿ ಸಂಖ್ಯೆ ಕೊಟ್ಟು ಭಾಗದ ಸಂಖ್ಯೆಯನ್ನು ಖಚಿತಪಡಿಸಿಕೊಳ್ಳಿ, ನಾಲ್ಕನ್ನೂ ಒಟ್ಟಿಗೇ ಬದಲಾಯಿಸಿ.

195/60 ಆರ್15 ಹಾಕಿದರೆ ಟಯರಿನ ಒಟ್ಟು ವ್ಯಾಸ 603 ಮಿ.ಮೀ.ಯಿಂದ 615ಕ್ಕೆ ಏರುತ್ತದೆ, ಶೇಕಡಾ ಎರಡರ ವ್ಯತ್ಯಾಸ. ಪಕ್ಕದ ಗೋಡೆಯೂ ಸ್ವಲ್ಪ ಹೆಚ್ಚುತ್ತದೆ, ಕೆಟ್ಟ ರಸ್ತೆಗೆ ಅದು ಒಳ್ಳೆಯದೇ. ಆದರೆ ಅಗಲ ಹೆಚ್ಚಿದಷ್ಟೂ ನಿಂತ ನೀರಿನ ಮೇಲೆ ತೇಲುವ ಸ್ವಭಾವವೂ ಹೆಚ್ಚುತ್ತದೆ. ನಿಮ್ಮ ಬಳಕೆಗೆ ಮೂಲ 185/60 ಸಾಕು. ಅದೇ ಹಣಕ್ಕೆ ಇನ್ನೂ ಒಳ್ಳೆಯ ಮಳೆಹಿಡಿತದ ಟಯರು ಸಿಗುತ್ತದೆ. ಒಂದಕ್ಕೆ ಆರರಿಂದ ಎಂಟು ಸಾವಿರ ಎಂದು ಎತ್ತಿಡಿ, ಕೊಳ್ಳುವಾಗ ಬದಿಯಲ್ಲಿರುವ ನಾಲ್ಕು ಅಂಕಿಯ ತಯಾರಿಕೆಯ ವಾರ ಮತ್ತು ವರ್ಷವನ್ನು ಓದಿಯೇ ಹಣ ಕೊಡಿ.


ಅಡಿಪಾಯ, ಭದ್ರಾವತಿ

ಹಾಗಾದರೆ ಕ್ರಮ ಹೀಗಿರಲಿ. ಲಿಂಕ್ ರಾಡ್ ಎರಡೂ ಕಡೆ, ಲೋವರ್ ಆರ್ಮ್ ಬುಷ್ ಎರಡೂ ಕಡೆ, ಮುಂದಿನ ಟಾಪ್ ಮೌಂಟ್ ಮತ್ತು ಬೇರಿಂಗ್, ನಾಲ್ಕು ಡ್ಯಾಂಪರು, ನಾಲ್ಕಕ್ಕೂ ಬಂಪ್ ಸ್ಟಾಪ್ ಮತ್ತು ಡಸ್ಟ್ ಬೂಟ್, ಇಷ್ಟನ್ನೂ ಒಂದೇ ಸಲಕ್ಕೆ ಮಾಡಿಸಿ. ಟಯರು ಆಮೇಲೆ ಹಾಕಿಸಿ, ಅಲೈನ್‌ಮೆಂಟ್ ಕೊನೆಗೆ. ಸಡಿಲ ಬುಷ್ಷಿನ ಮೇಲೆ ಮಾಡಿದ ಅಲೈನ್‌ಮೆಂಟ್ ನಿಲ್ಲುವುದಿಲ್ಲ, ಹೊಸ ಟಯರನ್ನು ಅದು ಒಂದು ಬದಿ ತಿಂದುಹಾಕುತ್ತದೆ.

ಈ ಕಾರಿನಲ್ಲಿ ಸುಲಭವಾಗಿ ಹೊಂದಿಸಬಹುದಾದದ್ದು ಮುಂದಿನ ಟೋ (ಮೇಲಿನಿಂದ ನೋಡಿದಾಗ ಚಕ್ರ ಒಳಕ್ಕೋ ಹೊರಕ್ಕೋ ತಿರುಗಿರುವ ಕೋನ) ಮಾತ್ರ. ಮುಂದಿನ ಕ್ಯಾಂಬರ್ (ಎದುರಿನಿಂದ ನೋಡಿದಾಗ ಚಕ್ರ ವಾಲಿರುವ ಕೋನ) ಹೊಂದಿಸಲು ಹೆಚ್ಚು ಅವಕಾಶವಿಲ್ಲ, ಹಿಂದಿನದು ಎರಡೂ ಚಕ್ರಗಳನ್ನು ಜೋಡಿಸುವ ಒಂದೇ ತೊಲೆ, ಟಾರ್ಷನ್ ಬೀಮ್ ಆದ್ದರಿಂದ ಅಲ್ಲಿ ತಿರುಗಿಸಲು ಏನೂ ಇಲ್ಲ. ಹಾಗಿದ್ದರೂ ನಾಲ್ಕೂ ಚಕ್ರಗಳ ಅಳತೆಯ ಮುದ್ರಿತ ಹಾಳೆಯನ್ನು ಕೇಳಿ ಪಡೆಯಿರಿ. ಹಿಂದಿನ ಸಂಖ್ಯೆಗಳು ತಯಾರಕರ ಮಿತಿ ಮೀರಿದ್ದರೆ ಬೀಮ್ ಹಿಂದೆಂದೋ ಪೆಟ್ಟು ತಿಂದಿದೆ ಎಂದು ಗೊತ್ತಾಗುತ್ತದೆ. ಸೆಕೆಂಡ್ ಹ್ಯಾಂಡ್ ಕೊಂಡ ಕಾರಿನಲ್ಲಿ ಇದನ್ನು ತಿಳಿದುಕೊಳ್ಳಲೇಬೇಕು. ಕೆಲವು ನೂರು ಕಿ.ಮೀ. ಓಡಿದ ನಂತರ ಒಮ್ಮೆ ಬೋಲ್ಟುಗಳ ಬಿಗಿತವನ್ನೂ ಟೋವನ್ನೂ ಮತ್ತೆ ನೋಡಿಸಿ. ಗಾಳಿಯ ಒತ್ತಡವನ್ನು ಇಂಧನದ ಮುಚ್ಚಳದ ಒಳಗೆ ಅಂಟಿಸಿದ ಚೀಟಿಯಂತೆ ತಣ್ಣನೆಯ ಟಯರಿನಲ್ಲಿ ಅಳೆದು ಹಾಕಿ. ಮೇ ತಿಂಗಳ ಮಧ್ಯದೊಳಗೆ ಭಾಗಗಳು ಕೈಗೆ ಬರುವಂತೆ ಆರ್ಡರ್ ಮಾಡಿದರೆ ಒಣ ರಸ್ತೆಯಲ್ಲಿ ಕಾರಿನ ಹೊಸ ನಡತೆಯನ್ನು ತಿಳಿದುಕೊಳ್ಳಲು ನಿಮಗೆ ಸಮಯ ಸಿಗುತ್ತದೆ. ಕೆಲಸ ಮಾಡುವವರಲ್ಲಿ ಆ ಸೀಳು ಅಗಲಿಸುವ ಉಪಕರಣವೂ ಟಾರ್ಕ್ ರೆಂಚೂ ಇವೆಯೇ ಎಂದು ಮೊದಲೇ ಕೇಳಿಕೊಂಡು ಕಾರು ಬಿಡಿ.